ಜಮೈಕಾ ದ್ವೀಪದ ಜರ್ಮನ್ ಮನೆತನಗಳು: ಹೆಸರಿನಿಂದ ವಂಶವನ್ನು ತಿಳಿಯುವ ಕ್ರಮ

ಈ ಸ್ಮರಣ ಸಂಚಿಕೆಗಾಗಿ ಹಳೇ ವಿದ್ಯಾರ್ಥಿನಿಯರ ಪಟ್ಟಿಯನ್ನು ಸಿದ್ಧಪಡಿಸಲು ಕುಳಿತಾಗ ನಮಗೆ ಒಂದು ತೊಡಕು ಎದುರಾಯಿತು. ಪಾಠಶಾಲೆಯ ದಾಖಲೆ ಪುಸ್ತಕದಲ್ಲಿ ಹುಡುಗಿಯ ಹೆಸರು ತಂದೆಯ ಮನೆತನದ ಹೆಸರಿನೊಡನೆ ಬರೆಯಲ್ಪಟ್ಟಿರುವದು. ಆಕೆಯು ವಿವಾಹವಾಗಿ ಪರಸ್ಥಳಕ್ಕೆ ಹೋದ ತರುವಾಯ ಗಂಡನ ಮನೆತನದ ಹೆಸರಿನಿಂದ ಕರೆಯಲ್ಪಡುವಳು. ಆಕೆಯ ತಂದೆತಾಯಿಗಳು ತೀರಿಕೊಂಡು, ಒಡಹುಟ್ಟಿದವರು ಊರು ಬಿಟ್ಟ ಮೇಲೆ, ಪುಸ್ತಕದಲ್ಲಿರುವ ಆ ಹುಡುಗಿ ಈಗ ಯಾವ ಊರಿನ ಯಾವ ಗೃಹಿಣಿ ಎಂಬದನ್ನು ಹೇಳುವವರೇ ಇಲ್ಲದೆ ಹೋಗುವದು. ನಮ್ಮ ಪಟ್ಟಿಯಲ್ಲಿ ಇಂಥ ಹೆಸರುಗಳು ಅನೇಕವಿದ್ದವು. ಆ ಸಹೋದರಿಯರಿಗೆ ನಾವು ಕಾಗದ ಬರೆಯಲಾರದೆ ಹೋದೆವು.

ಒಂದು ಪಾಠಶಾಲೆಯ ಅಲ್ಪಕಾಲದ ದಾಖಲೆಯಲ್ಲಿಯೇ ಇಷ್ಟು ಕಷ್ಟವಿರುವಲ್ಲಿ, ಸಮುದ್ರಗಳನ್ನು ದಾಟಿ ಬಂದ ಹಲವು ಜಾತಿಯ ಜನರು ಇನ್ನೂರು ಮುನ್ನೂರು ವರುಷಗಳಿಂದ ಕೂಡಿ ಬಾಳಿದ ಒಂದು ದ್ವೀಪದಲ್ಲಿ ವಂಶವನ್ನು ಗೊತ್ತು ಹಚ್ಚುವದು ಎಷ್ಟು ಕಷ್ಟವಾಗಿರಬೇಕು? ಈ ವಿಚಾರಕ್ಕೆ ಒಳ್ಳೇ ದೃಷ್ಟಾಂತವಾಗಿ ಕೆರಿಬಿಯನ್ ಸಮುದ್ರದ ಜಮೈಕಾ ದ್ವೀಪದಲ್ಲಿರುವ ಜರ್ಮನ್ ಮನೆತನಗಳ ಸಂಗತಿಯನ್ನು ನಮ್ಮ ವಾಚಕರ ಮುಂದೆ ಇಡುತ್ತೇವೆ.

೧. ಜರ್ಮನರು ಅಲ್ಲಿಗೆ ಬಂದ ಬಗೆ

ಜಮೈಕಾ ದ್ವೀಪವನ್ನು ಇಂಗ್ಲಿಷರು ೧೬೫೫ನೇ ಇಸವಿಯಲ್ಲಿ ಸ್ಪೇನಿನವರಿಂದ ಕಿತ್ತುಕೊಂಡರು. ಅಲ್ಲಿಯ ಕಬ್ಬಿನ ತೋಟಗಳಲ್ಲಿ ದುಡಿಯುವದಕ್ಕಾಗಿ ಆಫ್ರಿಕ ಖಂಡದಿಂದ ಲಕ್ಷಾಂತರ ಜನರನ್ನು ಹಡಗುಗಳಲ್ಲಿ ತುಂಬಿ ತಂದು ದಾಸರನ್ನಾಗಿ ಮಾರಿದರು. ೧೮೩೧ರ ಕ್ರಿಸ್ತಜಯಂತಿಯ ದಿವಸಗಳಲ್ಲಿ ಸ್ಯಾಮ್ ಶಾರ್ಪ್ ಎಂಬ ಬಾಪ್ಟಿಸ್ಟ್ ಸಭೆಯ ದಾಸನ ಮುಂದಾಳುತನದಲ್ಲಿ ದ್ವೀಪದ ಪಶ್ಚಿಮ ಭಾಗದ ದಾಸರು ಎದ್ದರು. ಆ ದಂಗೆಯು ಅಡಗಿಸಲ್ಪಟ್ಟಿತು, ಶಾರ್ಪನು ೧೮೩೨ರಲ್ಲಿ ಗಲ್ಲಿಗೇರಿಸಲ್ಪಟ್ಟನು. ಆದಾಗ್ಯೂ ದಾಸತ್ವವು ಇನ್ನು ಬಹುಕಾಲ ನಿಲ್ಲಲಾರದೆಂಬದು ಎಲ್ಲರಿಗೂ ತಿಳಿಯಿತು. ೧೮೩೩ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ವಿಮೋಚನೆಯ ಶಾಸನವನ್ನು ಮಾಡಿತು. ೧೮೩೪ನೇ ಆಗಸ್ಟ್ ೧ನೇ ತಾರೀಖಿನಿಂದ ಅದು ಜಾರಿಗೆ ಬಂತು. ಜಮೈಕಾದಲ್ಲಿ ಆಗ ಇದ್ದ ದಾಸರು ಮೂರು ಲಕ್ಷಕ್ಕೂ ಹೆಚ್ಚು. ಅವರಿಗೂ ಪೂರ್ಣ ಬಿಡುಗಡೆಯು ದೊರಕಿದ್ದು ನಾಲ್ಕು ವರುಷಗಳ ತರುವಾಯ, ಅಂದರೆ ೧೮೩೮ನೇ ಆಗಸ್ಟ್ ೧ರಂದು.

ಈ ನಡುವೆ ತೋಟದ ಯಜಮಾನರಿಗೆ ಎರಡು ಚಿಂತೆಗಳು ಹತ್ತಿದವು. ಬಿಡುಗಡೆ ಹೊಂದಿದವರು ತೋಟದ ಕೆಲಸವನ್ನು ಬಿಟ್ಟು ಹೋದರೆ ದುಡಿಯುವವರು ಯಾರು ಎಂಬದು ಒಂದು. ಅವರು ಬೆಟ್ಟದ ಸೀಮೆಯ ಖಾಲಿ ಭೂಮಿಗೆ ಹೋಗಿ ಸ್ವಂತ ಬೇಸಾಯ ಮಾಡಿಕೊಂಡರೆ ಮತ್ತೆ ತಮ್ಮ ಕೈಕೆಳಗೆ ಬಾರರು ಎಂಬದು ಇನ್ನೊಂದು. ಆದುದರಿಂದ ಯೂರೋಪಿನಿಂದ ಬಡ ಬಿಳಿಯರನ್ನು ಕರೆತಂದು ಆ ಎತ್ತರದ ಭೂಮಿಯಲ್ಲಿ ನೆಲೆಗೊಳಿಸಬೇಕೆಂದು ಅವರು ಯೋಚಿಸಿದರು. ೧೮೩೪ರಿಂದ ಮೊದಲುಗೊಂಡು ಕೆಲವೇ ವರುಷಗಳಲ್ಲಿ ಉತ್ತರ ಜರ್ಮನಿಯ ಬ್ರೆಮೆನ್ ರೇವಿನ ಮಾರ್ಗವಾಗಿ ಸಾವಿರಕ್ಕೂ ಹೆಚ್ಚು ಜರ್ಮನರು ಜಮೈಕಾಕ್ಕೆ ಬಂದರು.

ಇವರಲ್ಲಿ ಸುಮಾರು ೨೫೦ ಮಂದಿಯನ್ನು ೧೮೩೫ರಲ್ಲಿ ವೆಸ್ಟ್‌ಮೋರ್ಲೆಂಡ್ ಜಿಲ್ಲೆಯ ಬೆಟ್ಟದ ಮೇಲೆ ಇರಿಸಿದರು. ಆ ಭೂಮಿ ಸುಮಾರು ೫೦೦ ಎಕ್ರೆ. ಅದನ್ನು ಕೊಟ್ಟವನು ಮೊಂಟ್‌ಪೀಲಿಯರ್ ತೋಟದ ಒಡೆಯನಾದ ಲಾರ್ಡ್ ಸೀಫರ್ಡ್. ಆದುದರಿಂದ ಆ ಊರಿಗೆ ಸೀಫರ್ಡ್ ಟೌನ್ ಎಂದು ಹೆಸರಾಯಿತು. ಬಂದವರಲ್ಲಿ ಅನೇಕರು ಕೈಕಸಬಿನವರು, ಉಷ್ಣದೇಶದ ಬೇಸಾಯವನ್ನು ಅರಿಯದವರು. ಅವರಿಗಾಗಿ ಕಟ್ಟಬೇಕಾಗಿದ್ದ ಮನೆಗಳು ಸಾಕಷ್ಟು ಸಿದ್ಧವಾಗಿರಲಿಲ್ಲ. ಜ್ವರದಿಂದ ಬಹು ಮಂದಿ ಬೇಗನೆ ತೀರಿಕೊಂಡರು. ಕೆಲವರು ಅಲ್ಲಿಂದ ಹೊರಟುಹೋದರು. ಉಳಿದವರು ಬಡತನದಲ್ಲಿ ಭೂಮಿಯನ್ನು ಹಿಡಿದುಕೊಂಡು, ಬಹುಕಾಲ ತಮ್ಮೊಳಗೇ ವಿವಾಹಸಂಬಂಧ ಬೆಳೆಸುತ್ತಾ ಇದ್ದರು. ಅವರ ಮಕ್ಕಳ ಮಕ್ಕಳು ಜರ್ಮನ್ ಭಾಷೆಯನ್ನು ಮರೆತುಬಿಟ್ಟರು. ಹೆಸರುಗಳು ಮಾತ್ರ ಉಳಿದವು.

ಇದೇ ೧೮೩೪ನೇ ಇಸವಿಯಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನರಿಗಳು ನಮ್ಮ ಪಶ್ಚಿಮ ಕರಾವಳಿಯಲ್ಲಿ ಇಳಿದು ಮಂಗಳೂರಿನ ಕೆಲಸವನ್ನು ಆರಂಭಿಸಿದರೆಂಬದು ನಮ್ಮ ವಾಚಕರಿಗೆ ಜ್ಞಾಪಕವಿರಬಹುದು. ಒಂದೇ ಕಾಲದಲ್ಲಿ ಜರ್ಮನ್ ಭಾಷೆಯ ಜನರು ಎರಡು ದಿಕ್ಕುಗಳಿಗೆ ಹೊರಟರು. ಕೆಲವರು ಬೋಧಿಸುವದಕ್ಕೆ, ಕೆಲವರು ಹೊಟ್ಟೆಯ ಪಾಡಿಗಾಗಿ.

೨. ಹೆಸರುಗಳೂ ಅವುಗಳ ಮಾರ್ಪಾಟೂ

ಸೀಫರ್ಡ್ ಟೌನಿನ ಮನೆತನಗಳಲ್ಲಿ ಹ್ಯಾಕರ್, ಎಲ್ಡಮಾಯರ್, ಕಮೇಕ, ವೆಡಮಾಯರ್, ಗ್ರೋಸ್‌ಕೋಪ್ಫ್, ಶ್ಲೈಫರ್ ಮುಂತಾದ ಹೆಸರುಗಳು ಕಾಣುವವು. ಜರ್ಮನ್ ಅಡ್ಡಹೆಸರುಗಳು ಬಹಳ ಮಟ್ಟಿಗೆ ನಮ್ಮ ದೇಶದ ಅಡ್ಡಹೆಸರುಗಳಂತೆಯೇ ಹುಟ್ಟಿದವು. ನಮ್ಮಲ್ಲಿ ಬಡಿಗೇರ, ಕಮ್ಮಾರ, ಪತ್ತಾರ ಎಂಬವು ಕಸಬಿನಿಂದಲೂ, ಕುಲಕರ್ಣಿ, ದೇಸಾಯಿ ಎಂಬವು ಉದ್ಯೋಗದಿಂದಲೂ ಬಂದಿರುವಂತೆ, ಅವರಲ್ಲಿ ಶ್ಲೈಫರ್ ಎಂದರೆ ಸಾಣೆ ಹಿಡಿಯುವವನು, ಝಿಮ್ಮರ್‌ಮನ್ ಎಂದರೆ ಬಡಿಗ, ಮಾಯರ್ ಎಂದರೆ ಮೊದಲು ಜಮೀನಿನ ಪಾರುಪತ್ಯಗಾರ, ತರುವಾಯ ಗೇಣಿಯ ಒಕ್ಕಲಿಗ. ಗ್ರೋಸ್‌ಕೋಪ್ಫ್ ಎಂದರೆ ದೊಡ್ಡ ತಲೆಯವನು. ಯಾವನೋ ಒಬ್ಬ ಪೂರ್ವಿಕನಿಗೆ ನೆರೆಯವರು ಇಟ್ಟ ಅಣಕದ ಹೆಸರು ವಂಶಕ್ಕೆಲ್ಲಾ ಅಂಟಿಕೊಂಡಿತು.

ಹೆಸರನ್ನು ಓದುವವನು ಇಲ್ಲಿ ಮೂರು ವಿಷಯಗಳಲ್ಲಿ ಎಚ್ಚರವಾಗಿರಬೇಕು.

ಮೊದಲನೆಯದು, ಬರಹದ ಮಾರ್ಪಾಟು. ಇಂಗ್ಲಿಷ್ ಗುಮಾಸ್ತನು ಜರ್ಮನ್ ಹೆಸರನ್ನು ಕಿವಿಗೆ ಬಿದ್ದಂತೆ ಬರೆದನು. ಹೆಸರಿನ ಒಡೆಯನಿಗೆ ಓದುಬರಹ ಬಾರದಿದ್ದರೆ ತಿದ್ದುವವರು ಯಾರೂ ಇಲ್ಲ. ಒಬ್ಬನೇ ಮನುಷ್ಯನು ಹಡಗಿನ ಪಟ್ಟಿಯಲ್ಲಿ ಒಂದು ವಿಧವಾಗಿಯೂ, ದೀಕ್ಷಾಸ್ನಾನದ ಪುಸ್ತಕದಲ್ಲಿ ಇನ್ನೊಂದು ವಿಧವಾಗಿಯೂ, ಭೂಮಿಯ ಪತ್ರದಲ್ಲಿ ಮತ್ತೊಂದು ವಿಧವಾಗಿಯೂ ಕಾಣಿಸಬಹುದು. ಇಂಗ್ಲಿಷ್ ಸೀಮೆಗಳಲ್ಲಿ ನೆಲೆಸಿದ ಜರ್ಮನರಲ್ಲಿ ಶ್ಮಿಟ್ ಎಂಬವರು ಸ್ಮಿತ್ ಆದರು, ಮ್ಯುಲ್ಲರ್ ಎಂಬವರು ಮಿಲ್ಲರ್ ಆದರು, ಬ್ರೌನ್ ಎಂಬವರು ಉಚ್ಚಾರವನ್ನು ಬದಲಾಯಿಸದೆ ಅಕ್ಷರವನ್ನು ಮಾತ್ರ ಬದಲಾಯಿಸಿಕೊಂಡರು. ಹೀಗಿರಲಾಗಿ ಪೂರ್ಣವಾಗಿ ಇಂಗ್ಲಿಷಾಗಿ ತೋರುವ ಹೆಸರಿನ ಹಿಂದೆಯೂ ಜರ್ಮನನು ಇರಬಹುದು.

ಎರಡನೆಯದು, ಹೋಲಿಕೆಯ ಮೋಸ. ಹ್ಯಾಕರ್ ಎಂಬ ಹೆಸರು ಜರ್ಮನಿಯಲ್ಲಿಯೂ ಉಂಟು, ಇಂಗ್ಲೆಂಡಿನಲ್ಲಿಯೂ ಉಂಟು. ಡಚ್ಚರ, ಡೇನರ, ಯೆಹೂದ್ಯರ ಹೆಸರುಗಳಲ್ಲಿಯೂ ಅನೇಕವು ಜರ್ಮನ್ ಹೆಸರುಗಳಂತೆಯೇ ಕೇಳಿಸುವವು. ಸೀಫರ್ಡ್ ಟೌನಿನಲ್ಲಿ ಹುಟ್ಟಿದ ಹ್ಯಾಕರನನ್ನೂ ಬೇರೆ ಊರಿನ ಹ್ಯಾಕರನನ್ನೂ ಒಂದೇ ಮನೆಯವರೆಂದು ಹೇಳಬೇಕಾದರೆ ಹೆಸರಲ್ಲದೆ ಬೇರೆ ಸಾಕ್ಷಿಯು ಬೇಕು.

ಮೂರನೆಯದು, ಸ್ಥಳದ ಹೆಸರು. ಜಮೈಕಾದ ಸೈಂಟ್ ಎಲಿಜಬೆತ್ ಜಿಲ್ಲೆಯಲ್ಲಿ ಪೋಟ್ಸ್‌ಡಾಮ್ ಎಂಬ ಸ್ಥಳವಿತ್ತು. ಅಲ್ಲಿಯ ಹುಡುಗರ ಪಾಠಶಾಲೆಗೂ ಅದೇ ಹೆಸರಿತ್ತು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಶತ್ರುದೇಶದ ಹೆಸರು ಬೇಡವೆಂದು ಅದನ್ನು ಮನ್ರೋ ಕಾಲೇಜು ಎಂದು ಬದಲಾಯಿಸಿದರು. ಸ್ಥಳದ ಹೆಸರು ಯಜಮಾನನೊಬ್ಬನ ಇಷ್ಟದಿಂದ ಬರುವದು, ಸರಕಾರದ ಕೋಪದಿಂದ ಹೋಗುವದು. ಅಲ್ಲಿ ಜರ್ಮನ್ ಜನರು ಇದ್ದರೆಂದಾಗಲಿ ಇಲ್ಲವೆಂದಾಗಲಿ ಅದರಿಂದ ಸ್ಥಾಪಿಸಲಾಗದು.

೩. ಹೆಸರು ಒಂದು, ರಕ್ತ ಇನ್ನೊಂದು

ಇದಕ್ಕಿಂತಲೂ ದೊಡ್ಡ ಎಚ್ಚರಿಕೆಯೊಂದು ಉಂಟು. ಜಮೈಕಾದ ಬಹು ಜನರ ಪೂರ್ವಿಕರು ದಾಸರಾಗಿದ್ದರು. ದಾಸನಿಗೆ ಯಜಮಾನನ ಲೆಕ್ಕದ ಪುಸ್ತಕದಲ್ಲಿ ಒಂಟಿ ಹೆಸರು ಮಾತ್ರ ಇತ್ತು. ೧೮೧೭ರಿಂದ ೧೮೩೨ರ ವರೆಗೆ ಮೂರು ಮೂರು ವರುಷಕ್ಕೊಮ್ಮೆ ಸರಕಾರಕ್ಕೆ ಒಪ್ಪಿಸಲ್ಪಟ್ಟ ದಾಸರ ಪಟ್ಟಿಗಳು ಈಗಲೂ ಉಳಿದಿವೆ. ಅವುಗಳಲ್ಲಿ ಎಷ್ಟೋ ಜನರು ಹೆಸರು, ವಯಸ್ಸು, ಬಣ್ಣ, ಆಫ್ರಿಕದವರೋ ದ್ವೀಪದಲ್ಲಿ ಹುಟ್ಟಿದವರೋ ಎಂಬಷ್ಟರಿಂದಲೇ ಗುರುತಿಸಲ್ಪಟ್ಟಿದ್ದಾರೆ. ದೀಕ್ಷಾಸ್ನಾನವಾಗುವಾಗಲೋ ಬಿಡುಗಡೆಯಾದಾಗಲೋ ಅವರು ಒಂದು ಮನೆತನದ ಹೆಸರನ್ನು ತೆಗೆದುಕೊಂಡರು. ಅದು ಯಜಮಾನನದಾಗಿರಬಹುದು, ಮೇಸ್ತ್ರಿಯದಾಗಿರಬಹುದು, ಬೋಧಕನದಾಗಿರಬಹುದು, ಕೇವಲ ಮೆಚ್ಚಿದ ಹೆಸರಾಗಿರಬಹುದು. ೧೮೪೫ರಿಂದ ನಮ್ಮ ಇಂಡಿಯಾ ದೇಶದ ಕೂಲಿಗಳೂ ಆ ದ್ವೀಪಕ್ಕೆ ಒಯ್ಯಲ್ಪಟ್ಟರು. ಅವರಲ್ಲಿ ಅನೇಕರ ಹೆಸರುಗಳಿಗೂ ಇದೇ ಗತಿಯಾಯಿತು.

ಹೀಗಿರುವದರಿಂದ ಜರ್ಮನ್ ಹೆಸರುಳ್ಳವನಿಗೆ ಜರ್ಮನ್ ಪೂರ್ವಿಕನು ಇಲ್ಲದೆ ಇರಬಹುದು. ಜರ್ಮನ್ ಪೂರ್ವಿಕನುಳ್ಳವನಿಗೆ ಜರ್ಮನ್ ಹೆಸರು ಇಲ್ಲದೆ ಇರಬಹುದು. ತಂದೆಯು ವಿವಾಹವಿಲ್ಲದೆ ಬಿಟ್ಟುಹೋದಲ್ಲಿ ಮಗುವು ತಾಯಿಯ ಹೆಸರಿನಿಂದ ಬೆಳೆದದ್ದು ಆ ದ್ವೀಪಗಳಲ್ಲಿ ಸಾಮಾನ್ಯ ಸಂಗತಿ.

ಇನ್ನು ಲೆಕ್ಕವನ್ನು ನೋಡೋಣ. ಪ್ರತಿಯೊಬ್ಬನಿಗೂ ತಂದೆತಾಯಿಗಳು ಇಬ್ಬರು, ಅಜ್ಜಅಜ್ಜಿಯರು ನಾಲ್ವರು. ಹೀಗೆ ಇಮ್ಮಡಿಸುತ್ತಾ ಹೋದರೆ ೮, ೧೬, ೩೨, ಆರನೇ ತಲೆಮಾರಿನಲ್ಲಿ ೬೪. ಒಂದು ತಲೆಮಾರಿಗೆ ಮೂವತ್ತು ವರುಷ ಹಿಡಿದರೆ ಆರು ತಲೆಮಾರುಗಳಿಗೆ ೧೮೦ ವರುಷ. ಆದುದರಿಂದ ೧೮೩೫ರಲ್ಲಿ ಬಂದ ಜರ್ಮನನ ಹೆಸರನ್ನು ತಂದೆಯಿಂದ ತಂದೆಗೆ ತಪ್ಪದೆ ಪಡೆದಿರುವವನಿಗೆ ಆ ಜರ್ಮನನು ಅರುವತ್ತನಾಲ್ಕು ಪೂರ್ವಿಕರಲ್ಲಿ ಒಬ್ಬನು. ಮಿಕ್ಕ ಅರುವತ್ತಮೂವರ ವಿಷಯವಾಗಿ ಆ ಹೆಸರು ಮೌನವಾಗಿದೆ. ಅವರಲ್ಲಿ ಮೂವತ್ತೆರಡು ಮಂದಿ ಸ್ತ್ರೀಯರು. ತಮ್ಮೊಳಗೇ ವಿವಾಹವಾದ ಸೀಫರ್ಡ್ ಟೌನಿನಂಥ ಊರಿನಲ್ಲಿ ಒಬ್ಬನೇ ಪೂರ್ವಿಕನು ಎರಡು ಮೂರು ಸ್ಥಾನಗಳಲ್ಲಿ ಬರುವದುಂಟು, ಜರ್ಮನರ ಎಣಿಕೆಯೂ ಹೆಚ್ಚಾಗಿರಬಹುದು. ಆದರೂ ಹೆಸರು ತೋರಿಸುವದು ಒಂದೇ ಎಳೆಯನ್ನು.

ಈಗಿನ ಜೀವಶಾಸ್ತ್ರವು ಇದಕ್ಕೆ ಸ್ವಲ್ಪ ಸಹಾಯ ಮಾಡುತ್ತದೆ. ವೈ ಎಂಬ ವರ್ಣತಂತುವು ತಂದೆಯಿಂದ ಮಗನಿಗೆ ಮಾತ್ರ ಹೋಗುವದು. ಅದು ಅಡ್ಡಹೆಸರು ನಡೆಯುವ ದಾರಿಯಲ್ಲಿಯೇ ನಡೆಯುವದು. ಜೀವಕಣದಲ್ಲಿರುವ ಮೈಟೊಕಾಂಡ್ರಿಯ ಎಂಬದರ ಅಂಶವು ತಾಯಿಯಿಂದ ಮಕ್ಕಳಿಗೆ ಬರುವದು. ಅದನ್ನು ಮುಂದಕ್ಕೆ ಕೊಡುವವರು ಹೆಣ್ಣುಮಕ್ಕಳು ಮಾತ್ರ. ಯಾವ ಪುಸ್ತಕದಲ್ಲಿಯೂ ಬರೆಯಲ್ಪಡದ ತಾಯಂದಿರ ಸಾಲನ್ನು ದೇಹವು ಹೀಗೆ ತನ್ನಲ್ಲಿ ಇಟ್ಟುಕೊಂಡಿರುವದು ಆಶ್ಚರ್ಯಕರವಾಗಿದೆ. ಆದರೆ ಅದು ಸೀಮೆಯನ್ನು ಸೂಚಿಸಬಲ್ಲದೇ ಹೊರತು ಹೆಸರನ್ನು ಹೇಳಲಾರದು.

೪. ಜರ್ಮನ್ ಹೆಸರನ್ನು ಧರಿಸಿದ ಇಬ್ಬರು ಸ್ತ್ರೀಯರು

ಮೇಲೆ ಹೇಳಿದ್ದಕ್ಕೆ ಎರಡು ನಿಜವಾದ ದೃಷ್ಟಾಂತಗಳನ್ನು ಕೊಡುತ್ತೇವೆ. ಅವು ಕನ್ಯಾ ಪಾಠಶಾಲೆಯ ವಾಚಕರಿಗೆ ತಕ್ಕವುಗಳು.

ಜಮೈಕಾಕ್ಕೆ ಪೂರ್ವದಲ್ಲಿರುವ ಸೈಂಟ್ ಥಾಮಸ್ ಎಂಬ ದ್ವೀಪವು ಡೆನ್ಮಾರ್ಕಿನ ವಶದಲ್ಲಿತ್ತು. ಜರ್ಮನಿಯ ಹೆರ್ನ್‌ಹೂಟ್ ಊರಿನ ಮೊರೇವಿಯನ್ ಸಭೆಯವರು ತಮ್ಮ ಮೊದಲನೇ ಮಿಶನನ್ನು ೧೭೩೨ರಲ್ಲಿ ಅಲ್ಲಿಯೇ ಸ್ಥಾಪಿಸಿದರು. ಹೋದವರು ಇಬ್ಬರು: ಡೋಬರ್ ಎಂಬ ಕುಂಬಾರನು, ನಿಚ್‌ಮನ್ ಎಂಬ ಬಡಗಿಯು. ಆ ಸಭೆಯಲ್ಲಿ ರೆಬೆಕ್ಕ ಎಂಬ ಮಿಶ್ರವರ್ಣದ ತರುಣಿ ಇದ್ದಳು. ಆಕೆಯು ದಾಸತ್ವದಿಂದ ಬಿಡುಗಡೆ ಹೊಂದಿದವಳು, ಓದುಬರಹ ಬಲ್ಲವಳು. ತೋಟಗಳಿಗೆ ಹೋಗಿ ದಾಸಸ್ತ್ರೀಯರಿಗೆ ಸುವಾರ್ತೆಯನ್ನು ಕಲಿಸುವದೇ ಆಕೆಯ ಸೇವೆಯಾಗಿತ್ತು. ೧೭೩೮ರಲ್ಲಿ ಆಕೆಯು ಮತ್ತೇಯುಸ್ ಫ್ರಾಯಿಂಡ್‌ಲಿಖ್ ಎಂಬ ಜರ್ಮನ್ ಮಿಶನರಿಯನ್ನು ವಿವಾಹವಾದಳು. ಪ್ರಮಾಣ ಮಾಡಲಾರೆವೆಂದು ಹೇಳಿದ್ದಕ್ಕಾಗಿ ದಂಪತಿಗಳು ಸೆರೆಯಲ್ಲಿ ಹಾಕಲ್ಪಟ್ಟರು. ಕೌಂಟ್ ಝಿನ್ಸೆನ್‌ಡೋರ್ಫ್ ೧೭೩೯ರಲ್ಲಿ ಆ ದ್ವೀಪಕ್ಕೆ ಬಂದಾಗ ಅವರಿಗೆ ಬಿಡುಗಡೆಯಾಯಿತು. ಫ್ರಾಯಿಂಡ್‌ಲಿಖ್ ಎಂದರೆ ಸ್ನೇಹಶೀಲ ಎಂದು ಅರ್ಥ. ಹೆಸರನ್ನು ಮಾತ್ರ ನೋಡುವವನು ಆಕೆಯನ್ನು ಜರ್ಮನ್ ಸ್ತ್ರೀಯೆಂದು ಬರೆದುಕೊಳ್ಳುವನು. ಗಂಡನು ತೀರಿಕೊಂಡ ತರುವಾಯ ಆಕೆಯು ಕ್ರಿಸ್ತಿಯಾನ್ ಪ್ರೊಟೆನ್ ಎಂಬವನನ್ನು ವಿವಾಹವಾದಳು. ಅವನು ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ ಡೇನ್ ತಂದೆಗೂ ಆಫ್ರಿಕದ ತಾಯಿಗೂ ಹುಟ್ಟಿದವನು. ಆಗ ಆಕೆಯ ಹೆಸರು ಮತ್ತೆ ಬದಲಾಯಿತು. ಆಫ್ರಿಕದಲ್ಲಿ ಮಕ್ಕಳಿಗೆ ಕಲಿಸುತ್ತಾ ಆಕೆಯು ೧೭೮೦ರಲ್ಲಿ ತೀರಿಕೊಂಡಳು.

ಎರಡನೆಯವಳು ಕ್ಯಾಥರೀನ್ ಮಲ್‌ಗ್ರೇವ್. ಆಕೆಯು ಆಫ್ರಿಕದ ಅಂಗೋಲ ಸೀಮೆಯಲ್ಲಿ ಹುಟ್ಟಿ, ಎಳೆಯ ಪ್ರಾಯದಲ್ಲಿ ಹಿಡಿಯಲ್ಪಟ್ಟು ದಾಸರ ಹಡಗಿನಲ್ಲಿ ಹಾಕಲ್ಪಟ್ಟಳು. ಆ ಹಡಗು ೧೮೩೩ರಲ್ಲಿ ಜಮೈಕಾದ ಬಳಿಯಲ್ಲಿ ಒಡೆಯಿತು. ಮಗುವನ್ನು ಆಗಿನ ಗವರ್ನರರಾದ ಮಲ್‌ಗ್ರೇವ್ ಪ್ರಭುವಿನ ಮನೆಯವರು ಆಶ್ರಯಕ್ಕೆ ತೆಗೆದುಕೊಂಡರು. ಆ ಪ್ರಭುವಿನ ಹೆಸರೇ ಆಕೆಯ ಹೆಸರಾಯಿತು. ಹೆತ್ತವರು ಇಟ್ಟ ಹೆಸರನ್ನು ಅದು ಮುಚ್ಚಿಬಿಟ್ಟಿತು. ಆಕೆಯು ಕಿಂಗ್‌ಸ್ಟನಿನಲ್ಲಿ ಉಪಾಧ್ಯಾಯಿನಿಯ ಶಿಕ್ಷಣವನ್ನು ಹೊಂದಿದಳು.

೧೮೪೩ರಲ್ಲಿ ನಮ್ಮ ಮಂಗಳೂರಿನಲ್ಲಿ ಮೋಗ್ಲಿಂಗ್ ಪಂಡಿತರು "ಮಂಗಳೂರ ಸಮಾಚಾರ"ವನ್ನು ಹೊರಡಿಸಿದರಷ್ಟೆ. ಅದೇ ವರುಷ ಅದೇ ಬಾಸೆಲ್ ಮಿಶನಿನವರು ವೆಸ್ಟ್ ಇಂಡೀಸಿನ ಮೊರೇವಿಯನ್ ಸಭೆಗಳಿಂದ ಇಪ್ಪತ್ತಕ್ಕೂ ಹೆಚ್ಚು ಕರಿಯ ಕ್ರೈಸ್ತರನ್ನು ಗೋಲ್ಡ್ ಕೋಸ್ಟಿಗೆ ಕರೆದುಕೊಂಡು ಹೋದರು. ಅವರ ಗುಂಪಿನಲ್ಲಿ ಕ್ಯಾಥರೀನಳೂ ಇದ್ದಳು. ಅಲ್ಲಿಯ ಕ್ರಿಸ್ತಿಯಾನ್ಸ್‌ಬೋರ್ಗಿನಲ್ಲಿ ಆಕೆಯು ಹುಡುಗಿಯರ ಪಾಠಶಾಲೆಯನ್ನು ಆರಂಭಿಸಿದಳು. ಮೊದಲನೇ ವಿವಾಹವು ಮುರಿದುಬಿದ್ದ ಮೇಲೆ ೧೮೫೧ರಲ್ಲಿ ಯೊಹಾನೆಸ್ ಝಿಮ್ಮರ್‌ಮನ್ ಎಂಬ ಜರ್ಮನ್ ಮಿಶನರಿಯು ಆಕೆಯನ್ನು ವಿವಾಹವಾದರು. ಬೈಬಲನ್ನು ಗಾ ಭಾಷೆಗೆ ತಿರುಗಿಸಿದ ಪಂಡಿತರು ಇವರೇ. ಆಫ್ರಿಕದ ಸ್ತ್ರೀಯನ್ನು ವಿವಾಹವಾದದ್ದು ಬಾಸೆಲಿನ ಕಮಿಟಿಯವರಿಗೆ ಅಸಮಾಧಾನವಾಗಿತ್ತು. ಆದರೆ ಇಬ್ಬರೂ ಹಿಂಜರಿಯಲಿಲ್ಲ. ಕ್ಯಾಥರೀನಳು ೧೮೯೧ರ ವರೆಗೆ ಬದುಕಿದ್ದಳು.

ಈಗ ವಾಚಕರು ಯೋಚಿಸಲಿ. ಅಂಗೋಲದಲ್ಲಿ ಹುಟ್ಟಿದವಳು, ಇಂಗ್ಲಿಷ್ ಪ್ರಭುವಿನ ಹೆಸರಿನಿಂದ ಬೆಳೆದವಳು, ಜರ್ಮನ್ ಬಡಿಗರ ಹೆಸರಿನಿಂದ ತೀರಿಕೊಂಡವಳು. ಮೂರು ಖಂಡಗಳ ಕಥೆ ಒಬ್ಬಳಲ್ಲಿ ಅಡಗಿದೆ. ಆದರೆ ಝಿಮ್ಮರ್‌ಮನ್ ಎಂಬ ಶಬ್ದದಲ್ಲಿ ಅದರ ಒಂದಂಶವಾದರೂ ಕಾಣುವದೇ?

೫. ವಿಚಾರಣೆಯ ಕ್ರಮ

ಜಮೈಕಾದ ಒಂದು ಮನೆತನದವರು ತಮ್ಮ ಪೂರ್ವಿಕರನ್ನು ತಿಳಿಯಬೇಕೆಂದು ಬಯಸಿದರೆ ಹೇಗೆ ನಡೆಯಬೇಕು? ಕ್ರಮವು ಇಷ್ಟೇ: ತಿಳಿದದ್ದರಿಂದ ತಿಳಿಯದ್ದರ ಕಡೆಗೆ ಒಂದೊಂದೇ ಮೆಟ್ಟಲು ಹಿಂದಕ್ಕೆ ಹೋಗಬೇಕು. ಜರ್ಮನ್ ಪೂರ್ವಿಕನಿದ್ದಾನೆಂದು ಮೊದಲೇ ನಿರ್ಧರಿಸಿ ಅವನಿಂದ ಕೆಳಕ್ಕೆ ಬರಬಾರದು. ಹಾಗೆ ಬರುವವನು ತನಗೆ ಬೇಕಾದದ್ದನ್ನೇ ಕಾಣುವನು.

ಮೊದಲು ಮನೆಯ ಹಿರಿಯರನ್ನು, ವಿಶೇಷವಾಗಿ ಅಜ್ಜಿಯಂದಿರನ್ನು, ಕೇಳಬೇಕು. ಎರಡನೆಯದಾಗಿ ಸರಕಾರದ ಜನನ ಮರಣ ವಿವಾಹಗಳ ದಾಖಲೆಯನ್ನು ನೋಡಬೇಕು. ಜಮೈಕಾದಲ್ಲಿ ಜನನ ಮರಣಗಳ ದಾಖಲೆಯು ೧೮೭೮ರಲ್ಲಿ ಆರಂಭವಾಯಿತು. ಅದಕ್ಕಿಂತ ಹಿಂದಕ್ಕೆ ಸಭೆಯ ಪುಸ್ತಕಗಳೇ ಆಧಾರ. ಸೀಫರ್ಡ್ ಟೌನಿನ ಜನರಲ್ಲಿ ರೋಮನ್ ಕಥೋಲಿಕರು ಹೆಚ್ಚಾಗಿದ್ದರೂ ಬೇರೆ ಸಭೆಗಳ ಪುಸ್ತಕಗಳನ್ನೂ ಬಿಡಬಾರದು. ಯಾಕಂದರೆ ಹತ್ತಿರದಲ್ಲಿ ಸಿಕ್ಕಿದ ಬೋಧಕರಿಂದಲೇ ಮಗುವಿಗೆ ದೀಕ್ಷಾಸ್ನಾನ ಮಾಡಿಸುವದು ಬಡಜನರ ವಾಡಿಕೆ. ತರುವಾಯ ಭೂಮಿಯ ಪತ್ರಗಳು, ಹಡಗಿನ ಪಟ್ಟಿಗಳು. ಆಫ್ರಿಕದ ಕಡೆಯ ಎಳೆಯನ್ನು ಹುಡುಕುವವರಿಗೆ ೧೮೧೭ರ ತರುವಾಯದ ದಾಸರ ಪಟ್ಟಿಗಳು. ಪ್ರತಿಯೊಂದು ಮೆಟ್ಟಲಿನಲ್ಲಿಯೂ ಹೆಸರು, ವಯಸ್ಸು, ಊರು, ತಾಯಿಯ ಹೆಸರು ಎಂಬ ನಾಲ್ಕೂ ಹೊಂದುತ್ತವೋ ಎಂದು ಪರೀಕ್ಷಿಸಬೇಕು. ಹೆಸರೊಂದೇ ಹೊಂದಿದರೆ ಸಾಲದು.

ಇನ್ನೊಂದು ಮಾತು. ಅರುವತ್ತನಾಲ್ಕರಲ್ಲಿ ಒಬ್ಬ ಜರ್ಮನನನ್ನು ಕಂಡು ಹರ್ಷಿಸಿ, ತೋಟದಲ್ಲಿ ದುಡಿದು ಮಕ್ಕಳನ್ನು ಸಾಕಿದ ಕರಿಯ ಅಜ್ಜಿಯನ್ನು ಮುಚ್ಚಿಡುವವನು ವಂಶವನ್ನು ಹುಡುಕಿದವನಲ್ಲ, ಮಾನವನ್ನು ಹುಡುಕಿದವನು. ಬಿಳಿಯ ಹೆಸರಿಗೆ ಗೌರವವೂ ಕರಿಯ ಹೆಸರಿಗೆ ಅವಮಾನವೂ ಇದ್ದ ಕಾಲದಲ್ಲಿ ಅನೇಕರು ಹಾಗೆ ಮಾಡಿದರು. ನಮ್ಮ ದೇಶದಲ್ಲಿಯೂ ಮೇಲಿನ ಕುಲದ ಒಬ್ಬ ಪೂರ್ವಿಕನನ್ನು ಹೇಳಿಕೊಂಡು ಮಿಕ್ಕವರನ್ನು ಮರೆಯುವವರು ಇಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ.

೬. ನಮ್ಮ ವಾಚಕರಿಗೆ ಒಂದು ಬಿನ್ನಹ

ಮತ್ತಾಯನು ಬರೆದ ಸುವಾರ್ತೆಯ ಮೊದಲನೇ ಅಧ್ಯಾಯದಲ್ಲಿ ನಮ್ಮ ಕರ್ತನ ವಂಶಾವಳಿ ಇರುವದು. ತಂದೆಯಿಂದ ಮಗನಿಗೆ ಸಾಗುವ ಆ ಉದ್ದವಾದ ಪಟ್ಟಿಯಲ್ಲಿ ಮರಿಯಳಲ್ಲದೆ ತಾಮಾರಳೂ ರಾಹಾಬಳೂ ರೂತಳೂ ಊರೀಯನ ಹೆಂಡತಿಯೂ ಹೇಳಲ್ಪಟ್ಟಿದ್ದಾರೆ. ಇವರಲ್ಲಿ ರಾಹಾಬಳೂ ರೂತಳೂ ಪರದೇಶದವರು. ಜನರು ಮುಚ್ಚಿಡಬಹುದಾಗಿದ್ದ ಹೆಸರುಗಳನ್ನು ಸತ್ಯವೇದವು ಮುಚ್ಚಿಡಲಿಲ್ಲ.

ಪ್ರಿಯ ಸಹೋದರಿಯರೇ, ಪೋಷಕರೇ, ನಿಮ್ಮ ಮನೆಯ ಬೈಬಲಿನ ಮೊದಲ ಖಾಲಿ ಹಾಳೆಯಲ್ಲಿ ತಂದೆಯ ಸಾಲನ್ನು ಬರೆದಿರುವಿರಷ್ಟೆ. ಅದರ ಕೆಳಗೆ ತಾಯಿಯ ಹೆಸರು, ತಾಯಿಯ ತವರುಮನೆಯ ಹೆಸರು, ಎರಡೂ ಕಡೆಯ ಅಜ್ಜಿಯರ ಹೆಸರು, ಅವರು ಹುಟ್ಟಿದ ಊರು, ಗೊತ್ತಿದ್ದರೆ ಅವರ ತಾಯಂದಿರ ಹೆಸರು, ಇಷ್ಟನ್ನೂ ದಯಮಾಡಿ ಬರೆದಿಡಿರಿ. ಹಿರಿಯರು ಇರುವಾಗ ಇದು ಒಂದು ಸಾಯಂಕಾಲದ ಕೆಲಸ. ಅವರು ಹೋದ ಮೇಲೆ ನೂರು ಪುಸ್ತಕಗಳನ್ನು ತಿರುವಿದರೂ ಆಗದ ಕೆಲಸ. ಪಾಠಶಾಲೆಗೆ ಕಾಗದ ಬರೆಯುವಾಗಲೂ ಈಗಿನ ಹೆಸರಿನೊಡನೆ ಇಲ್ಲಿ ಓದುತ್ತಿದ್ದಾಗಿನ ಹೆಸರನ್ನೂ ಕಾಣಿಸಿರಿ.

ನಾವು ಪತ್ತೆಮಾಡಲಾರದ ಆ ಹಳೇ ವಿದ್ಯಾರ್ಥಿನಿಯರ ಹೆಸರುಗಳನ್ನು ದಾಖಲೆಯಲ್ಲಿ ಇದ್ದಂತೆಯೇ ಪಟ್ಟಿಯಲ್ಲಿ ಉಳಿಸಿದ್ದೇವೆ. ಅವರನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ ಅವರ ಈಗಿನ ಹೆಸರನ್ನೂ ಊರನ್ನೂ ನಮಗೆ ತಿಳಿಸಬೇಕೆಂದು ಬೇಡುತ್ತೇವೆ. ಅವರಿಗಾಗಿ ಒಂದೊಂದು ಪ್ರತಿಯನ್ನು ತೆಗೆದಿಟ್ಟಿದ್ದೇವೆ.